ಅಮಾವಾಸ್ಯೆಯ ಮರುದಿನದ ಕೆಮ್ಮು

ಮನುಷ್ಯನು ದುಡಿಯದೆ ಬದುಕಲಾರ. ದುಡಿದರೆ ಆ ದುಡಿಮೆ ಅವನ ಮೈಯಲ್ಲಿ ಎಲ್ಲಾದರೂ ಒಂದು ಕಡೆ ತನ್ನ ಗುರುತು ಒತ್ತದೆ ಬಿಡುವುದಿಲ್ಲ. ಪಂಡಿತರೂ ವೈದ್ಯರೂ ಕೂಡಿ ಕುಳಿತು ಚಿಂತಿಸಬೇಕಾದ ಗಂಭೀರ ಸತ್ಯವಿದು. ನನ್ನ ಸೋದರಮಾವ ಇದನ್ನು ಒಬ್ಬನೇ ಕಂಡುಹಿಡಿದ, ಅದೂ ನೌಕರಿ ಬಿಡುವುದಕ್ಕೆ ಕಾರಣ ಹುಡುಕುತ್ತಿದ್ದಾಗ.

ಈಗ ಇದಕ್ಕೆಂದೇ ಬೇರೊಂದು ವೈದ್ಯಶಾಸ್ತ್ರ ಬೆಳೆಯುತ್ತಿದೆಯಂತೆ. ದೊಡ್ಡ ಡಾಕ್ಟರುಗಳು ರೋಗಿಯ ಹೆಸರು ಕೇಳಿದ ಕೂಡಲೇ ಉದ್ಯೋಗವನ್ನೂ ಕೇಳುತ್ತಾರಂತೆ. ಮಾಮ ಹೆಸರನ್ನು ಕೇಳುತ್ತಲೇ ಇರಲಿಲ್ಲ. ಎದುರಿಗೆ ಬಂದವನ ಉದ್ಯೋಗ ತಿಳಿದರೆ ಸಾಕು, ಅವನಿಗೆ ಯಾವ ಬೇನೆ ಬಂದಿದೆ, ಬರದಿದ್ದರೆ ಎಂದು ಬರುತ್ತದೆ ಎಂದು ನಿಂತ ನಿಲುವಿನಲ್ಲಿ ಹೇಳಿಬಿಡುತ್ತಿದ್ದ. ನಿಂತ ನಿಲುವಿನಲ್ಲಿ ಎಂದೆನೆ? ತಪ್ಪಾಯಿತು. ಮಾಮ ನಿಂತದ್ದನ್ನು ಕಂಡವರಿಲ್ಲ. ಅಡ್ಡಾಡುತ್ತ ಅಡ್ಡಾಡುತ್ತ ಹೇಳುತ್ತಿದ್ದ.

ಸಂಸ್ಥಾನಗಳು ಹೋಗಿ ಜಮಖಂಡಿ, ಮುಧೋಳಗಳು ಮುಂಬಯಿ ರಾಜ್ಯಕ್ಕೆ ಸೇರಿದ ಹೊಸತು. ನಾನು ಬನಹಟ್ಟಿಯ ಶಾಲೆಯಲ್ಲಿ ಮಾಸ್ತರನಾಗಿ ಸೇರಿ ಮಾಮನ ಮನೆಯಲ್ಲಿಯೇ ಇಳಿದುಕೊಂಡಿದ್ದೆ. ಮೊದಲ ದಿನ ಶಾಲೆಯಿಂದ ಬಂದೊಡನೆ ಆತ ನನ್ನ ಬೆರಳುಗಳಿಗೆ ಹತ್ತಿದ್ದ ಸೀಮೆಸುಣ್ಣದ ಪುಡಿಯನ್ನು ನೋಡಿದ.

“ಮಾಸ್ತರಕಿ ಅಂದ್ರ ಗಂಟಲಾ ಹೋಗೂ ಕೆಲಸ. ಈ ಪುಡಿ ಒಳಗ ಹೋಗಿ ಕುಂದರತೈತಿ. ಮುಂದ ನೀ ಬರೇ ಕೈ ಮಾಡಿ ಕಲಿಸಬೇಕಾಕೈತಿ.”

“ಹಂಗಾದ್ರ ಏನ ಮಾಡ್ಲಿ ಮಾಮಾ?”

“ಮೆಲ್ಲಕ ಮಾತಾಡು.”

ಮಾತಾಡಿದೆ. ತಪಾಸಣೆಗೆ ಬಂದ ಸಾಹೇಬರು, ಈ ಮಾಸ್ತರರ ಪಾಠ ಹಿಂದಿನ ಸಾಲಿಗೆ ಕೇಳಿಸುವುದಿಲ್ಲ ಎಂದು ಷರಾ ಬರೆದು ಹೋದರು. ಮಾಮ ಅದನ್ನು ನನ್ನ ಗಂಟಲಿಗೆ ಸಿಕ್ಕ ಪ್ರಶಸ್ತಿ ಎಂದೇ ಭಾವಿಸಿದ.

ಸ್ವತಃ ಆತ ಮಾಡಿ ಬಿಟ್ಟ ಕೆಲಸಗಳೆಷ್ಟು! ರಬಕವಿಯ ಅರಿವೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತನಾದ. ಗಾದಿಯ ಮೇಲೆ ಕೂತವನ ಸೊಂಟ ಹಿಡಿಯುತ್ತದೆ, ಹೊಟ್ಟೆ ಬರುತ್ತದೆ ಎಂದು ಅಂಗಡಿಯ ತುಂಬ ಅಡ್ಡಾಡುತ್ತ ಲೆಕ್ಕ ಬರೆದ. ಅಷ್ಟರಿಂದ ಸಮಾಧಾನವಾಗದೆ, ಗಿರಾಕಿಗಳ ಎದುರಿಗೇ ಸಾವಕಾರರ ಹೊಟ್ಟೆಯನ್ನು ಉದಾಹರಣೆಗೆ ತೆಗೆದುಕೊಂಡ. ಸಾವಕಾರರು ಸಮಾಧಾನದ ಮನುಷ್ಯ. “ಅಡ್ಡಾಡೂದು ಮೈಗೆ ಛಲೋರಿ. ಹಂಗ ಅಡ್ಡಾಡಕೋತ ಮನೀತನಾ ಹೋಗಿಬಿಡ್ರಿ” ಎಂದರು.

ಆಮೇಲೆ ಜಮಖಂಡಿಯ ಮೋಟಾರಿನಲ್ಲಿ ಟಿಕೀಟು ಕೊಡುವ ಕೆಲಸ. ಈ ದಾರಿಯ ಕುಲುಕಾಟಕ್ಕೆ ಹೊಟ್ಟೆಯೊಳಗಿನ ಸಾಮಾನುಗಳೆಲ್ಲ ಜಾಗ ಬಿಡುತ್ತವೆ ಎಂದು ಟಿಕೀಟಿನೊಡನೆ ಎಚ್ಚರಿಕೆಯನ್ನೂ ಹಂಚಿದ. ಒಬ್ಬ ಬಸುರಿ ಹೆಂಗಸು, ಅವಳ ಗಂಡ, ಅವಳ ಅತ್ತೆ ಮೂವರೂ ಆತನ ಮಾತು ಕೇಳಿ ಇಳಿದು ನಡೆದೇ ಹೋದರು. ಮರುದಿನ ಮಾಮನೂ ನಡೆದೇ ಮನೆಗೆ ಬಂದ.

ಬೀಳಗಿಯ ಕಡೆ ಕಲ್ಲು ಒಡೆಯುವವರ ಮೇಲೆ ಮೇಲ್ವಿಚಾರಣೆಗೆಂದು ಹೋದವನು ಮಾತ್ರ ಹೋದ ಮೋಟಾರಿನಲ್ಲಿಯೇ ತಿರುಗಿ ಬಂದ. ಅಂದು ಉಂಡು ಕೈ ತೊಳೆದುಕೊಳ್ಳುವಾಗ “ಅವರು ಕೆಮ್ಮಿದ್ರ ಎದ್ಯಾಗ ಕಲ್ಲು ಉಳ್ಳಿದಂಗ ಕೇಳತೈತಿ” ಎಂದಷ್ಟೇ ಹೇಳಿದ.

ಇಷ್ಟೆಲ್ಲ ಸಂಶೋಧನೆ ನಡೆಯುವಾಗ ಮನೆಯ ಒಲೆ ಉರಿಯುತ್ತಿದ್ದದ್ದು ಯಾರಿಂದ? ಆತನ ಹೆಂಡತಿಯಿಂದ, ನನ್ನ ಅತ್ತೆಯಿಂದ. ಪಡಸಾಲೆಯಲ್ಲಿ ಒಂದು ಕುಣಿಮಗ್ಗವಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ನಮ್ಮ ಓಣಿಯಲ್ಲಿ ಗಂಡಸರು ನೇಯುವುದು, ಹೆಂಗಸರು ನೂಲು ಸುತ್ತಿ ಕೊಡುವುದು ರೂಢಿ. ಮಾಮನ ಮನೆಯಲ್ಲಿ ಎರಡೂ ಅತ್ತೆಯ ಪಾಲಿಗೆ ಬಂದಿದ್ದವು. ಬೆಳಕು ಹರಿದಾಗ ಕುಣಿಗೆ ಇಳಿದರೆ ಮಧ್ಯಾಹ್ನದ ರೊಟ್ಟಿಗೆ ಮೇಲೆ ಬರುತ್ತಿದ್ದಳು. ಮಗ್ಗದ ಸದ್ದಿನ ನಡುವೆ ಅವಳ ಕೆಮ್ಮು.

ಈ ಕೆಮ್ಮಿಗೆ ಒಂದು ಪಂಚಾಂಗವಿತ್ತು. ಅಮಾವಾಸ್ಯೆಗೆ ಬನಹಟ್ಟಿಯಲ್ಲಿ ಮಗ್ಗಗಳಿಗೆಲ್ಲ ಬಿಡುವು. ಅಂದು ಅತ್ತೆ ಹಗುರಾಗಿ ಉಸಿರಾಡುತ್ತ, ನೆರೆಯವರೊಡನೆ ನಗುತ್ತ ಇರುತ್ತಿದ್ದಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಎದೆ ಬಿಗಿದು, ಮಗ್ಗದ ಕಂಬ ಹಿಡಿದು, ಕಣ್ಣು ಮೇಲೆ ಮಾಡಿ ಕೂತುಬಿಡುತ್ತಿದ್ದಳು. ತಿಂಗಳು ತಿಂಗಳೂ ಹೀಗೆಯೇ. ಆ ವರ್ಷ ಬಳೆಗಳು ಮೊಣಕೈಯವರೆಗೆ ಜಾರುವಷ್ಟು ಸೊರಗಿದ್ದಳು. ಹೀಗೇ ಆದರೆ ಇವಳು ಉಳಿಯುವುದಿಲ್ಲ ಎಂದು ಓಣಿಯ ಹೆಂಗಸರು ನನ್ನ ಎದುರಿಗೇ ಆಡಿಕೊಂಡರು. ಅಮಾವಾಸ್ಯೆಯ ಗಾಳಿ ಬಡಿದಿದೆ ಎಂದು ಹಿರಿಯರು ತೀರ್ಪು ಕೊಟ್ಟರು. ತೋಳಿಗೆ ತಾಯಿತ ಬಂತು, ಮಗ್ಗದ ಕಂಬಕ್ಕೆ ನಿಂಬೆಹಣ್ಣು ಬಂತು.

ಮಾಮ ಏನೆಂದ? ಜಗತ್ತಿನ ಎಲ್ಲ ಉದ್ಯೋಗಕ್ಕೂ ಒಂದೊಂದು ರೋಗ ಹಚ್ಚಿದ್ದ ಮಹಾನುಭಾವ ಈ ಒಂದು ರೋಗಕ್ಕೆ ಮಾತ್ರ ದೆವ್ವವನ್ನು ಹಚ್ಚಿದ. “ಗಾಳೀನೇ ಅದು, ಅನುಮಾನ ಇಲ್ಲ” ಎಂದು ಊರ ಜನಕ್ಕಿಂತ ಜೋರಾಗಿ ಹೇಳಿದ. ದೆವ್ವದಲ್ಲಿ ಒಂದು ಅನುಕೂಲವಿದೆ ನೋಡಿ. ತಪ್ಪು ಅದರದಾದರೆ ಗಂಡನಾದವನು ಕುಣಿಗೆ ಇಳಿಯಬೇಕಾಗಿಲ್ಲ.

ಅದರ ಬದಲು ರೋಗವಿಲ್ಲದ ಉದ್ಯೋಗ ಹುಡುಕುತ್ತ ಅತ್ತೆಯ ತವರಾದ ಹುನ್ನೂರಿನ ಕಡೆ ಅಲೆದ. ಅಲ್ಲಿ ಕುರಿ ಕಾಯುವವನೊಬ್ಬ ಕೋಲಿನ ಮೇಲೆ ಗದ್ದ ಊರಿ ನಿಂತಿದ್ದನಂತೆ.

“ಏನಪಾ, ಏನ ಬ್ಯಾನಿ ನಿನಗ?”

“ಏನೂ ಇಲ್ರೀ.”

“ಮಣಕಾಲು?”

“ಛಲೋ ಅದಾವ್ರಿ.”

“ನಿದ್ದಿ?”

“ಕುರಿ ಮಲಗಿದ್ರ ನಾನೂ ಮಲಗತೇನ್ರಿ.”

ಮಾಮನಿಗೆ ಸ್ವರ್ಗದ ಬಾಗಿಲು ತೆರೆದಂತಾಯಿತು. ನಾನೂ ಇದೇ ಕೆಲಸಕ್ಕೆ ಬರುತ್ತೇನೆ ಎಂದ. ತನ್ನ ಸುತ್ತ ಗಾಣದ ಎತ್ತಿನಂತೆ ತಿರುಗುತ್ತಿದ್ದ ಈ ಮನುಷ್ಯನನ್ನು ಕುರುಬ ಮೇಲಿಂದ ಕೆಳಗೆ ನೋಡಿದ. “ಬ್ಯಾಡ್ರೀ ಯಪ್ಪಾ. ನೀವು ಹಿಂಗ ಅಡ್ಡಾಡಿದ್ರ ನನ್ನ ಕುರಿಗೆ ಬ್ಯಾನಿ ಬರತೈತ್ರಿ.”

ಇದನ್ನು ಮಾಮನೇ ಬಂದು ಹೇಳಿದ. ಅತ್ತೆ ಕುಣಿಯಲ್ಲಿ ಕೂತೇ ನಕ್ಕಳು. ನಗು ಅರ್ಧಕ್ಕೆ ಕೆಮ್ಮಾಗಿ, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಮಾಮ ಅಡ್ಡಾಡುತ್ತಲೇ ಹೊರಗೆ ಹೋದ.

ಆ ಚಳಿಗಾಲದಲ್ಲಿ ಅತ್ತೆಯ ತಂಗಿ ಹುನ್ನೂರಿನಲ್ಲಿ ಹಡೆದಳು. ಬಾಣಂತನಕ್ಕೆಂದು ಅತ್ತೆ ಹೋದಳು. ಅವಳು ಅಲ್ಲಿರುವಾಗಲೇ ಅಮಾವಾಸ್ಯೆ ಬಂತು. ಮಾಮನಿಗೆ ಮನೆಯಲ್ಲಿ ಇರಲಾಗಲಿಲ್ಲ. ಮರುದಿನ ಶಾಲೆಗೆ ರಜೆ ಇದ್ದುದರಿಂದ ನನ್ನನ್ನೂ ಎಬ್ಬಿಸಿಕೊಂಡು, ಒಂದು ಚೀಲ ನಿಂಬೆಹಣ್ಣು ಹೊತ್ತು ಹೊರಟ. ದಾರಿಯುದ್ದಕ್ಕೂ ಒಂದೇ ಮಾತು, “ಲಗೂ ನಡಿಯಪಾ, ಮಧ್ಯಾಹ್ನ ಆಗೂದರೊಳಗ ಮುಟ್ಟಬೇಕು.”

ಮುಟ್ಟಿದಾಗ ಅಂಗಳದಲ್ಲಿ ಅತ್ತೆ ಒಣಮೆಣಸಿನಕಾಯಿ ಕುಟ್ಟುತ್ತಿದ್ದಳು. ಘಾಟಿಗೆ ಇಡೀ ಮನೆ ಸೀನುತ್ತಿತ್ತು. ನಾನು ಸೀನಿದೆ, ಮಾಮ ಸೀನಿದ. ಅತ್ತೆ ಒನಕೆ ಎತ್ತಿ ಹಾಕುತ್ತ ತಣ್ಣಗೆ ಉಸಿರಾಡುತ್ತಿದ್ದಳು.

“ಇವತ್ತ ಅಮಾಸಿ ಮರುದಿನ ಅಲ್ಲೇನ? ಕೆಮ್ಮು ಎಲ್ಲೈತಿ?” ಎಂದ ಮಾಮ.

“ಮನ್ಯಾಗ ಬಿಟ್ಟ ಬಂದೇನ್ರಿ” ಎಂದು ಅತ್ತೆ ನಕ್ಕಳು. ಈ ಸಲ ನಗು ಪೂರ್ತಿಯಾಯಿತು.

ಮಾಮ ನಿಂತುಬಿಟ್ಟ. ಆತ ನಿಂತದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ಚಹಾ ಕುಡಿಯಲಿಲ್ಲ. ಬಂದ ದಾರಿಯಲ್ಲೇ ತಿರುಗಿದ. ಮನೆಗೆ ಬಂದು ಪಡಸಾಲೆಯ ಮಗ್ಗದ ಹಾಸಿನ ನೂಲಿನ ಮೇಲೆ ಕೈಯಾಡಿಸಿ ಅಂಗೈ ತೋರಿಸಿದ. ಹತ್ತಿಯ ಸಣ್ಣ ದೂಳು ಬೆಳ್ಳಗೆ ಹತ್ತಿತ್ತು.

“ಒಂದಿನಾ ಬಿಟ್ಟು ಮತ್ತ ಇದರಾಗ ಹೊಕ್ರ ಎದಿ ತಾಳೂದಿಲ್ಲ. ಗಾಳೀನೂ ಅಲ್ಲ, ದೆವ್ವಾನೂ ಅಲ್ಲ” ಎಂದ. ಅಂಗೈ ಒರೆಸಿಕೊಳ್ಳುತ್ತ, “ನನಗ ಮೊದಲಽ ತಿಳಿದಿತ್ತೋ” ಎಂದ.

ಮರುದಿನ ಹಿತ್ತಲಲ್ಲಿ ಕುಣಿ ತೋಡಲು ಶುರುಮಾಡಿದ. ಗುದ್ದಲಿ ಹಿಡಿದವನ ಬೆನ್ನೆಲುಬು ಉಳಿಯುವುದಿಲ್ಲ ಎಂದು ಸಾರುತ್ತಿದ್ದ ಮನುಷ್ಯ! ಮೇಲೆ ತಗಡು ಹಾಕಿಸಿದ, ಪಡಸಾಲೆಯ ಮಗ್ಗ ಬಿಚ್ಚಿ ಅಲ್ಲಿಗೆ ಒಯ್ದ, ಮನೆಯನ್ನು ಎರಡೆರಡು ಸಲ ಗುಡಿಸಿ ಸಾರಿಸಿದ. ಓಣಿಯವರು ಗೋಡೆಯಾಚೆಯಿಂದ ನೋಡಿ “ಎಷ್ಟ ದಿನಾ ನಡೀತೈತ್ರಿ ಇದು?” ಎಂದರು.

ಬಾಣಂತನ ಮುಗಿಸಿ ಬಂದ ಅತ್ತೆ ಬರಿದಾದ ಪಡಸಾಲೆಯನ್ನು ನೋಡಿದಳು, ಹಿತ್ತಲಿಗೆ ಬಂದಳು.

“ನನ್ನ ಮಗ್ಗಾ ಇಲ್ಲಿ ಯಾಕ ತಂದ್ರಿ?”

“ನಿಂದಲ್ಲ ಅದು. ನಮ್ಮಪ್ಪ ನನಗ ಬಿಟ್ಟ ಹೋಗಿದ್ದ. ಇಷ್ಟ ದಿನ ನೀ ಕುಂತಿದ್ದಿ.”

“ನಿಮಗ ಆಗೂದಿಲ್ರಿ ಇದು. ಎಲ್ಲಾ ಕೆಲಸಕ್ಕೂ ಒಂದ ಬ್ಯಾನಿ ಇರತೈತಿ ಅಂತ ನೀವಽ ಹೇಳತಿದ್ರಿ.”

“ಇರತೈತಿ. ಇದರದ್ದು ಯಾವುದಂತ ನನಗ ಗೊತ್ತೈತಿ” ಎಂದು ಮಾಮ ಕುಣಿಯೊಳಗೆ ಕಾಲಿಟ್ಟ. “ಸರಿ ಅತ್ಲಾಗ. ಇಲ್ಲಿ ನಿಂದರಬ್ಯಾಡ, ದೂಳು ಹಾರತೈತಿ.”

ಮುಂದೆ ಆತ ಬೇರೆ ಯಾವ ಕೆಲಸವನ್ನೂ ಹುಡುಕಲಿಲ್ಲ. ಮರುವರ್ಷದ ಹೊತ್ತಿಗೆ ಅತ್ತೆಯ ಕೆಮ್ಮು ನಿಂತಿತು. ಕೆಲವು ವರ್ಷಗಳ ಮೇಲೆ ಮಾಮನಿಗೆ ಶುರುವಾಯಿತು.