ಮಾವನ ಲಿವರೂ ನಡುವಿನ ಗೋಡೆಯೂ

ತ್ಯಾಗ ಮಾಡಿದವನಿಗೆ ಒಂದು ಸಣ್ಣ ಆಸೆ ಇರುತ್ತದೆ: ತಾನು ಕಳೆದುಕೊಂಡದ್ದು ಕೊನೆಯವರೆಗೂ ಕಳೆದುಹೋಗಿಯೇ ಇರಬೇಕು. ಇಲ್ಲದಿದ್ದರೆ ಹೇಳಿಕೊಳ್ಳಲು ಏನು ಉಳಿಯುತ್ತದೆ? ಈ ವಿಷಯದಲ್ಲಿ ನನಗೆ ಮೋಸ ಮಾಡಿದ್ದು ಹೊರಗಿನವರಲ್ಲ, ನನ್ನದೇ ಲಿವರ್.

ಕುಲಶೇಖರದಲ್ಲಿ ಅಮ್ಮನಿಗೂ ಸೋದರಮಾವನಿಗೂ ಪಾಲಾದ ಜಾಗದಲ್ಲಿ ನಮ್ಮ ಮನೆಗಳು ಅಕ್ಕಪಕ್ಕ ಇವೆ. ನಡುವಿನ ಕಂಪೌಂಡ್ ಗೋಡೆ ಕಟ್ಟಿಸಿದ್ದು ಮಾವ. ಗೇಟಿನ ಹತ್ತಿರ ಅದು ಯಾಕೋ ನಮ್ಮ ಕಡೆಗೇ ಬಾಗಿದೆ. ನನ್ನ ಕಾರು ಒಳಗೆ ಬರಬೇಕಾದರೆ ಉಸಿರು ಬಿಗಿಹಿಡಿಯಬೇಕು. ಈ ಬಗ್ಗೆ ವರ್ಷಗಟ್ಟಲೆ ಮಾತುಕತೆ ನಡೆದಿದೆ, ಅಂದರೆ ಮಾವ ಬೈದಿದ್ದಾರೆ, ನಾನು ಕೇಳಿದ್ದೇನೆ. ಅಪ್ಪ ಇಲ್ಲದ ನನ್ನನ್ನು ಓದಿಸಿದವರೂ ಅವರೇ. ಅಂಥ ಮಾವ ಲಿವರ್ ಕೈಕೊಟ್ಟು, ಅತ್ತಾವರದ ಆಸ್ಪತ್ರೆಯಲ್ಲಿ ನೀರು ಕೇಳುವಷ್ಟೂ ಧ್ವನಿ ಇಲ್ಲದೆ ಮಲಗಿದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ನನ್ನ ಲಿವರಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಡಲು ಒಪ್ಪಿದ್ದು ಧೈರ್ಯದಿಂದಲ್ಲ, ಆ ಮೌನ ತಡೆಯಲಾಗದೆ.

ಆಪರೇಷನ್ ಆದ ಮೇಲೆ ಮನೆಯಲ್ಲಿ ನನ್ನ ದರ್ಬಾರು ನೋಡಬೇಕಿತ್ತು. ನೆಂಟರು ಎಳನೀರಿನ ಬೊಂಡದ ಗೊನೆಯನ್ನೇ ಹೊತ್ತು ತಂದರು. ಹೆಂಡತಿ ಒಂದು ಲೋಟವನ್ನೂ ಎತ್ತಲು ಬಿಡಲಿಲ್ಲ. ಮಾವ ಫೋನಿನಲ್ಲಿ ಕ್ಷೀಣವಾಗಿ, “ಮಗಾ, ಆ ಗೋಡೆ ತೆಗೆಸ್ತೇನೆ, ಆಯ್ತಾ?” ಎಂದರು. “ಅದೆಲ್ಲ ಈಗ ಯಾಕೆ ಮಾವ?” ಎಂದೆ. ಮನಸ್ಸಿನಲ್ಲಿ ಕಾರು ಆಗಲೇ ಒಳಗೆ ಬಂದು ನಿಂತಿತ್ತು.

ಕೆಲವು ತಿಂಗಳ ನಂತರ ಇಬ್ಬರಿಗೂ ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಪರದೆ ನೋಡಿ, “ಎಲ್ಲ ಸರಿ ಉಂಟು. ಇಬ್ಬರದ್ದೂ ಹೆಚ್ಚುಕಡಿಮೆ ಪೂರ್ತಿ ಬೆಳೆದಿದೆ” ಎಂದರು.

“ಹಲ್ಲಿಯ ಬಾಲದ ಹಾಗಾ?” ಎಂದೆ.

“ಅಲ್ಲ ಮಾರಾಯ್ರೆ. ಹಲ್ಲಿಗೆ ತುಂಡಾದಲ್ಲಿಂದಲೇ ಹೊಸ ಬಾಲ ಬರ್ತದೆ. ಇಲ್ಲಿ ಕತ್ತರಿಸಿದ ಭಾಗ ಪುನಃ ಮೂಡುವುದಿಲ್ಲ. ಉಳಿದ ಜೀವಕೋಶಗಳೇ ಒಂದು ಎರಡಾಗಿ ಬೆಳೀತವೆ, ದಿನದ ಕೆಲಸ ಬಿಡದೆ. ದೇಹಕ್ಕೆ ಬೇಕಾದಷ್ಟು ಆದ ಮೇಲೆ ನಿಲ್ಲಿಸ್ತವೆ.”

ನಾನು ಬೆರಗಾಗಿ ಕುಳಿತೆ. ನೆಗಡಿಗೂ ಆಫೀಸಿಗೆ ರಜೆ ಹಾಕುವ ನನ್ನೊಳಗೆ ಇಂಥ ಕೆಲಸಗಾರರು! ಎಲ್ಲಕ್ಕಿಂತ ಮಿಗಿಲಾಗಿ, ಎಲ್ಲಿ ನಿಲ್ಲಬೇಕೆಂಬುದು ಅವಕ್ಕೆ ಗೊತ್ತು. ಈ ತಿಳುವಳಿಕೆ ನಮ್ಮ ಗೋಡೆಗೆ ಇರಲಿಲ್ಲ. ಪಾಲು ಮಾಡಿದ ಮೇಲೂ ಇಬ್ಬರಿಗೂ ಪೂರ್ತಿ ಸಿಕ್ಕಿದ ಆಸ್ತಿ ನಮ್ಮ ಕುಟುಂಬದಲ್ಲಿ ಇದೊಂದೇ ಎಂದುಕೊಂಡು, ಮಾವನಿಗೂ ಹಾಗೇ ಅನಿಸಿರಬೇಕೆಂದು ಅವರ ಮುಖ ನೋಡಿದೆ.

ಅವರ ಲೆಕ್ಕಾಚಾರವೇ ಬೇರೆ. ಲಿಫ್ಟಿನಲ್ಲಿ, “ನಿನ್ನದು ನಿನಗೆ ಪೂರ್ತಿ ಬಂತಲ್ಲ ಮಗಾ? ಇನ್ನು ಗೋಡೆ ಎಂತಕ್ಕೆ ತೆಗೆಯುವುದು?” ಎಂದರು.

ಗೋಡೆ ಹಾಗೆಯೇ ಇದೆ. ಹೆಂಡತಿ ಮೀನು ತರಲು ಮತ್ತೆ ನನ್ನನ್ನೇ ಕಳಿಸುತ್ತಾಳೆ. ಸಂಜೆ ಗೇಟಿನಲ್ಲಿ ಕಾರು ತಿರುಗಿಸುವಾಗ ಆ ಕಡೆಯ ಜಗಲಿಯಿಂದ ಗರ್ಜನೆ ಬರುತ್ತದೆ: “ಬಲಕ್ಕೆ ತಿರುಗಿಸು ಮಾರಾಯ! ಕಣ್ಣು ಎಲ್ಲುಂಟು ನಿನಗೆ?” ಇಡೀ ಬೀದಿಗೆ ಕೇಳುವ ಧ್ವನಿ.

ನಿನ್ನೆ ಕಾರು ಸಲೀಸಾಗಿ ಒಳಗೆ ಬರುತ್ತಿತ್ತು. ಮಾವ ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದರು. ನಾನು ಸ್ವಲ್ಪ ಎಡಕ್ಕೆ, ಗೋಡೆಯತ್ತ ತಿರುಗಿಸಿದೆ.