ಎರಡನೆಯ ಆಲ್ಬಮ್ಮಿಗೆ ಬೇಕಾದ ದುಃಖ

ಬಿಷ್ಕೆಕ್ ನಗರದ ಹಲ್ಲಿನ ಡಾಕ್ಟರ್ ಮೆದೆರ್ ತನ್ನ ಹೆಂಡತಿಯನ್ನು ಸುಖವಾಗಿ ಇಟ್ಟುಕೊಂಡಿದ್ದಾನೆ ಎಂಬ ಆರೋಪವು ಯುವ ಸಂಗೀತ ಪ್ರೋತ್ಸಾಹ ಇಲಾಖೆಯ ವಿಚಾರಣೆಯಲ್ಲಿ ನಿಸ್ಸಂದೇಹವಾಗಿ ಸಾಬೀತಾಯಿತು.

ಹೆಂಡತಿ ಚಿನಾರಾ ‘ಒದ್ದೆ ಕಾಲುಚೀಲ’ ಎಂಬ ರಾಕ್ ತಂಡದ ಗಾಯಕಿ. ಮದುವೆಗೆ ಮುಂಚೆ ಯಾರೋ ಕೈಕೊಟ್ಟ ಸಂಕಟದಲ್ಲಿ ಅವಳು ಹಾಡಿದ ಮೊದಲ ಆಲ್ಬಮ್ ಊರಿಗೆ ಊರನ್ನೇ ಅಳಿಸಿತ್ತು. ಎರಡನೆಯದಕ್ಕೆ ಇಲಾಖೆ ಅನುದಾನ ಕೊಟ್ಟಿತು. ಅದು ಗೆದ್ದರೆ ತಂಡವನ್ನು ಬರ್ಲಿನ್ನಿನ ಉತ್ಸವಕ್ಕೆ ಕಳಿಸುವುದೆಂದೂ, ಮೇಲ್ವಿಚಾರಣೆಗಾಗಿ ನಿರ್ದೇಶಕ ಶೈಲೊಬೆಕ್, ಅವರ ಪತ್ನಿ ಹಾಗೂ ಪತ್ನಿಯ ತಂಗಿಯರು ಜೊತೆಗೆ ತೆರಳುವುದೆಂದೂ ನಿಯಮಾನುಸಾರ ತೀರ್ಮಾನವಾಗಿತ್ತು. ಆದರೆ ಸ್ಟುಡಿಯೋದಿಂದ ಬಂದ ಮೊದಲ ಹಾಡು ಮೆದೆರ್ ಬೇಯಿಸುವ ಮಾಂಟಿ ಕಡುಬಿನ ಮೇಲಿತ್ತು. ಎರಡನೆಯದು, ಚಳಿಗಾಲದ ಬೆಳಗ್ಗೆ ಅವನು ಬೆಚ್ಚಗೆ ಮಾಡಿಡುವ ಬೂಟುಗಳ ಮೇಲೆ.

ನಿರ್ದೇಶಕರು ಮೆದೆರ್‌ನನ್ನು ಕರೆಸಿದರು.

“ಕುಡೀತೀಯೇನಪ್ಪಾ?”

“ಇಲ್ಲ ಸ್ವಾಮಿ.”

“ಬೇರೆ ಯಾರನ್ನಾದ್ರೂ ಇಟ್ಕೊಂಡಿದೀಯಾ?”

“ಛೆ, ಇಲ್ಲ.”

“ಹೋಗ್ಲಿ, ಸಿಟ್ಟಾದ್ರೂ ಮಾಡ್ತೀಯಾ?”

“ಒಂದ್ಸಲ ಬಾಗಿಲು ಧಡಾರಂತ ಹಾಕ್ಕೊಂಡಿತ್ತು. ಅದೂ ಗಾಳಿಗೆ.”

“ನಿನ್ನಂಥೋರಿಂದ್ಲೇ ಕಣಯ್ಯಾ ದೇಶದ ಸಂಗೀತ ಹಾಳಾಗ್ತಿರೋದು.”

ಸಂಜೆಯೊಳಗೆ ಆದೇಶ ಹೊರಟಿತು: “ಧ್ವನಿಮುದ್ರಣ ಮುಗಿಯುವವರೆಗೆ ಸದರಿ ಪತಿಯು ಪತ್ನಿಯನ್ನು ತೊರೆದಿರತಕ್ಕದ್ದು. ಕಾರಣವನ್ನು ಪತ್ನಿಗೆ ತಿಳಿಸತಕ್ಕದ್ದಲ್ಲ. ತಿಳಿದಲ್ಲಿ ದುಃಖದ ಗುಣಮಟ್ಟ ಕುಸಿಯುವ ಸಂಭವವಿದೆ. ಪ್ರತಿ: ಪತ್ನಿಗೆ, ಮಾಹಿತಿಗಾಗಿ.”

ಚಿನಾರಾ ಪ್ರತಿಯನ್ನು ಓದಿದಳು. ಹೋಗಬೇಡ ಅನ್ನಬಹುದೆಂದು ಮೆದೆರ್ ಬಾಗಿಲಲ್ಲಿ ಕಾಯುತ್ತಿದ್ದ.

“ನಿನ್ನಣ್ಣನ ಊರು ಕರಕೋಲ್‌ನಲ್ಲಿ ಚಳಿ ಜಾಸ್ತಿ, ದಪ್ಪ ಸ್ವೆಟರ್ ಹಾಕ್ಕೊ” ಅಂದಳು.

ಅವನು ಕರಕೋಲ್‌ನ ಅಣ್ಣನ ಮನೆ ಸೇರಿದ. ದಿನಾ ಫೋನ್ ಮಾಡುತ್ತಿದ್ದ. ಅವಳು ಎತ್ತುತ್ತಿರಲಿಲ್ಲ. ಫೋನಿನಲ್ಲೇ ಮಾತನ್ನು ಧ್ವನಿಮುದ್ರಿಸಿ ಕಳಿಸುತ್ತಿದ್ದ: “ಚಿನಾ, ಊಟ ಆಯ್ತಾ? ಇವತ್ತೂ ಮರೆತು ಇಬ್ಬರಿಗೆ ಚಹಾ ಸೋಸಿಬಿಟ್ಟೆ. ನಿಂದು ಆರೋಯ್ತು.”

ಇತ್ತ ಚಿನಾರಾಳ ಮೂರನೆಯ ಹಾಡು ಸಿದ್ಧವಾಯಿತು. ಇಡೀ ಹಾಸಿಗೆ ಒಬ್ಬಳದೇ ಆದ ಆನಂದದ ಮೇಲೆ.

ಇಲಾಖೆಯಲ್ಲಿ ತುರ್ತು ಸಭೆ ಸೇರಿತು. ತಂಡದ ಗಿಟಾರಿನವನು ನಗಾಡಿಕೊಂಡು, ಚಿನಾರಾಳ ಫೋನಿಗೆ ಬಂದಿದ್ದ ಮೆದೆರ್‌ನ ಮಾತುಗಳನ್ನು ಕೇಳಿಸಿದ. ಚಹಾದ ಮಾತಿಗೆ ಬೆರಳಚ್ಚುಗಾರ್ತಿ ಬಿಕ್ಕಿದಳು. ನಿರ್ದೇಶಕರು ಎದ್ದು ನಿಂತರು.

“ದುಃಖ ಉತ್ಪತ್ತಿಯಾಗಿದೆ. ತಪ್ಪು ವ್ಯಕ್ತಿಯಲ್ಲಿ ಶೇಖರವಾಗಿದೆ, ಅಷ್ಟೆ.”

ಅವನ ಮಾತುಗಳ ಹಿಂದೆ ಗಿಟಾರು ಬಾರಿಸಿ, ನಡುನಡುವೆ ಚಿನಾರಾ ‘ಊಂ’ ಅಂದು, ಆಲ್ಬಮ್ ಹೊರಬಂತು. ಜನ ಮುಗಿಬಿದ್ದರು. ನಿರ್ದೇಶಕರ ನಾದಿನಿಯರು ಬರ್ಲಿನ್ ನೋಡಿ ಬಂದರು.

ಇನ್ನು ಮನೆಗೆ ಮರಳಬಹುದೇ ಎಂದು ಮೆದೆರ್ ಅರ್ಜಿ ಹಾಕಿದ. ಮೂರನೆಯ ಆಲ್ಬಮ್ ಮಂಜೂರಾಗಿರುವುದರಿಂದ ಯಥಾಸ್ಥಿತಿ ಕಾಪಾಡುವುದು ಎಂದು ಉತ್ತರ ಬಂತು. ಚಿನಾರಾ ಅಂದು ತಾನೇ ಫೋನ್ ಮಾಡಿದಳು.

“ಬೇಜಾರಾಗ್ಬೇಡ ಕಣೋ. ನೀನು ದೂರ ಇದ್ರೇನೇ ಚೆನ್ನಾಗಿ ಮಾತಾಡ್ತೀಯ. ಇಲ್ಲಿದ್ದಾಗ ಬರೀ ಬೂಟು, ಕಡುಬು.”

ಮರುದಿನ ಕರಕೋಲ್‌ನ ಮಿನಿಬಸ್ಸಿನಲ್ಲಿ ಆ ಆಲ್ಬಮ್ಮೇ ಹಾಡುತ್ತಿತ್ತು. ಮೆದೆರ್ ಮುಂದಕ್ಕೆ ಬಾಗಿ, “ಸ್ವಲ್ಪ ಸಣ್ಣ ಮಾಡ್ತೀರಾ?” ಅಂದ.

ಡ್ರೈವರ್ ಕಣ್ಣೊರೆಸಿಕೊಂಡು ತಿರುಗಿದ. “ಕಲ್ಲೇನಯ್ಯಾ ನಿನ್ನೆದೆ? ಹೆಂಡ್ತಿ ಬಿಟ್ಟಿರೋ ಸಂಕಟ ನಿನಗೇನ್ ಗೊತ್ತು?”

ಬಸ್ಸಿನಲ್ಲಿದ್ದವರೆಲ್ಲ ಡ್ರೈವರನ ಮಾತೇ ಸರಿ ಎಂದರು. ಮೆದೆರ್ ಯೋಚಿಸಿದ. ಅವನಿಗೂ ಸರಿ ಅನ್ನಿಸಿತು. ತಪ್ಪಾಯಿತೆಂದು ಹೇಳಿ, ಇನ್ನೂ ಸ್ವಲ್ಪ ಜೋರಾಗಿ ಹಾಕಲು ಕೇಳಿಕೊಂಡ.