ಒರೆಸಪ್ಪನ ವ್ಯಾನು

ಕಾಫಿ ಲೋಟ ಇಟ್ಟ ಕಡೆ ಉಂಗುರದಂಥ ಒಂದು ಕಲೆ. ಆದದ್ದು ಇಷ್ಟೇ.

ಆದರೆ ಆ ಕಲೆ ಬಿದ್ದದ್ದು ಮನೆ ಮುಂದೆ ನಿಂತಿದ್ದ ಹಳೆಯ ಕ್ಯಾಂಪರ್ ವ್ಯಾನಿನೊಳಗಿನ ಮಡಚುವ ಮೇಜಿನ ಮೇಲೆ. ವ್ಯಾನಿನ ಯಜಮಾನ ಒಬ್ಬ ಗಡಿಯಾರ ರಿಪೇರಿಯವನು; ಮನೆಗೆ ಬೆಂಕಿ ಬಿದ್ದವರ ಹಾಗೆ ಓಡಿಬಂದ. ಹೆಗಲ ಮೇಲೆ ಹಳದಿ ಬಟ್ಟೆಯಿಲ್ಲದೆ ಅವನನ್ನು ಕಂಡವರೇ ಇರಲಿಲ್ಲ. ಬೀದಿಯವರ ಬಾಯಲ್ಲಿ ಅವನು ಒರೆಸಪ್ಪ.

ಮದುವೆಯಾದ ಹೊಸದರಲ್ಲಿ, ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಕೊಂಡ ಗಾಡಿ ಅದು. ಒಳಗೆ ಹಾಸಿಗೆ, ಪುಟ್ಟ ಒಲೆ, ಹೂವಿನ ಪರದೆ ಎಲ್ಲ ಇದ್ದವು. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು ಎಂದು ಮೂವತ್ತು ವರ್ಷ ಅದು ಪೆಟ್ರೋಲ್ ಬಂಕ್ ದಾಟಿರಲಿಲ್ಲ. ಮಸಿ ಹಿಡಿಯುತ್ತದೆಂದು ಒಲೆ ಹಚ್ಚುವ ಹಾಗಿಲ್ಲ. ಹತ್ತುವವರು ಚಪ್ಪಲಿ ಹೊರಗೇ ಬಿಡಬೇಕು. ಹೆಂಡತಿ ಆ ವ್ಯಾನಿಗೆ ಸವತಿ ಎಂದು ಹೆಸರಿಟ್ಟಿದ್ದಳು.

"ಹೊಟ್ಟೆ ಉರಿಯುತ್ತೆ ಕಣೇ!" ಹೆಂಡತಿ ಇಟ್ಟ ಲೋಟದ ಕಲೆ ಉಜ್ಜುತ್ತ ಅವನು ಗೋಳಾಡಿದ.

"ನನ್ನದು ಉರಿದೂ ಉರಿದೂ ಬೂದಿಯಾಗಿದೆ," ಎಂದಳು ಹೆಂಡತಿ. "ಸಾಯಂಕಾಲದೊಳಗೆ ಒಂದೋ ನನ್ನ ಸವತಿ ಹೋಗ್ಬೇಕು, ಇಲ್ಲಾ ನಾನು ಹೋಗ್ತೀನಿ."

ಕೂಗಿ ಹೇಳಿದ್ದರೆ ಅವನು ಹೆದರುತ್ತಿರಲಿಲ್ಲ. ಅವಳು ತಣ್ಣಗೆ ಹೇಳಿದಳು. ಅವಳಿಲ್ಲದ ಮನೆ ನೆನೆದು ಅವನ ಎದೆ ಧಸಕ್ಕೆಂದಿತು. ವ್ಯಾನಿಲ್ಲದ ಬಾಗಿಲು ನೆನೆದು ಇನ್ನೊಮ್ಮೆ ಧಸಕ್ಕೆಂದಿತು.

ಗೋಡೆಗೂ ಕಿವಿ ಇರುತ್ತದಂತೆ. ಇವರ ಗೋಡೆಗೆ ಬಾಯಿಯೂ ಇತ್ತು. ಪಕ್ಕದ ಮನೆಯ ನಿವೃತ್ತ ಸ್ಟೇಷನ್ ಮಾಸ್ಟರ್ ಎಲ್ಲ ಕೇಳಿಸಿಕೊಂಡು, ತಕ್ಷಣ ಫೋನ್ ತಿರುಗಿಸಿದರು. ಆ ವ್ಯಾನಿನಿಂದಾಗಿ ಅವರ ಕಿಟಕಿಗೆ ಬಿಸಿಲೇ ಬೀಳುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಟ್ಟಿಮುಟ್ಟಾದ ನರ್ಸಮ್ಮ ಒಬ್ಬರು ಬಾಗಿಲಲ್ಲಿ ನಿಂತಿದ್ದರು. ಅವರೂ ನಿವೃತ್ತರೇ. ಇಂಥದ್ದೇ ಗಾಡಿ ಹುಡುಕುತ್ತಿದ್ದರಂತೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒರೆಸಪ್ಪ ಲೆಕ್ಕ ಹಾಕಿದ. ಮಾರಲು ಹೊರಟ ಹಾಗೂ ಇರಬೇಕು, ಕೊಳ್ಳಲು ಬಂದವರು ಓಡಿಯೂ ಹೋಗಬೇಕು.

"ಮೊದಲೇ ಹೇಳಿಬಿಡ್ತೀನಮ್ಮ, ಮಳೆ ಬಂದ್ರೆ ಸೋರುತ್ತೆ."

"ಯಾರು ಹೇಳಿದ್ದು?" ಸ್ಟೇಷನ್ ಮಾಸ್ಟರ್ ಏಣಿ ಹತ್ತಿ, ವ್ಯಾನಿನ ನೆತ್ತಿಗೆ ಎರಡು ಬಕೆಟ್ ನೀರು ಸುರಿದರು. ಒಳಗೆ ಒಂದು ಹನಿ ಇಳಿಯಲಿಲ್ಲ. ಬಕೆಟ್ಟಿನ ನೀರು ಕೊಳಕಾಗಿತ್ತೇನೋ ಎಂದು ಒರೆಸಪ್ಪನ ಜೀವ ಬಾಯಿಗೆ ಬಂತು.

"ಬ್ರೇಕ್ ನಿಲ್ಲಲ್ಲ," ಎಂದ.

ಎದುರುಮನೆಯ ದರ್ಜಿಯಮ್ಮನಿಗೂ ವ್ಯಾನು ತೊಲಗಬೇಕಿತ್ತು. ಅದು ಅಡ್ಡ ನಿಂತು ಅವರ ಅಂಗಡಿಯ ಬೋರ್ಡೇ ಕಾಣುತ್ತಿರಲಿಲ್ಲ. ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಬೀದಿ ನಡುವೆ ನಿಂತು, "ನನ್ನ ಮೇಲೆ ಬಿಡಿ, ನೋಡೇಬಿಡೋಣ!" ಎಂದರು. ನರ್ಸಮ್ಮ ಬಿಟ್ಟರು. ಗಾಡಿ ಗೇಣು ದೂರದಲ್ಲಿ ನಿಂತಿತು. ದರ್ಜಿಯಮ್ಮ ಟೇಪು ಹಿಡಿದು ಅಳೆದೂ ತೋರಿಸಿದರು.

ಒರೆಸಪ್ಪ ಬೆವರು ಒರೆಸಿಕೊಂಡ. "ಇದು ದರಿದ್ರದ ಗಾಡಿ ತಾಯಿ. ಇದನ್ನ ಹತ್ತಿದವರು ಎಲ್ಲೂ ತಲುಪಿಲ್ಲ!"

"ಅದೊಂದು ಮಾತ್ರ ನಿಜ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ. "ಮೂವತ್ತು ವರ್ಷದಿಂದ ಹತ್ತಿ ಕೂತಿದೀನಿ. ಪೆಟ್ರೋಲ್ ಬಂಕ್ ತಲುಪಿದೀನಿ."

ನರ್ಸಮ್ಮ ಅವಳನ್ನೇ ಒಂದು ಗಳಿಗೆ ನೋಡಿದರು. "ತನ್ನ ಮಾಲಿನ ಹುಳುಕು ತಾನೇ ಹೇಳೋ ಮನುಷ್ಯನನ್ನ ಇದೇ ಮೊದಲು ನೋಡಿದ್ದು. ಇಂಥವರ ಹತ್ತಿರ ಕಣ್ಣು ಮುಚ್ಚಿ ಕೊಳ್ಳಬಹುದು," ಎಂದು ಕೈ ಚಾಚಿದರು. ಹೆಂಡತಿ ದುಡ್ಡು ಎಣಿಸಿಕೊಂಡು ಗಾಡಿಯ ಕಾಗದಪತ್ರ ತಂದುಕೊಟ್ಟಳು. ಆಮೇಲೆ ಹೆಂಗಸರಿಬ್ಬರೂ ವ್ಯಾನಿನೊಳಗೆ ಕೂತು, ಆ ಒಲೆಯನ್ನೇ ಹಚ್ಚಿ, ಕಾಫಿ ಕಾಯಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಒರೆಸಪ್ಪ ಹೊರಗೆ ನಿಂತು ಲೋಟಗಳನ್ನು ಎಣಿಸುತ್ತಿದ್ದ. ಉಂಗುರಗಳು ಈಗ ಮೂರಾಗಿರುತ್ತವೆ ಎಂದುಕೊಂಡಾಗ ಅವನಿಗೆ ಅಳು ಬಂತು.

ಹೆಂಡತಿ ಇಳಿದು ಮನೆಯೊಳಗೆ ಹೋದಳು. ಅವನು ಮೆಟ್ಟಿಲ ಮೇಲೆ ಕುಸಿದು ಕೂತು ಮನಸ್ಸು ಗಟ್ಟಿ ಮಾಡಿಕೊಂಡ. ಹೋದದ್ದು ಹೋಯಿತು, ಇವಳಾದರೂ ಉಳಿದಳಲ್ಲ! ಮೂವತ್ತು ವರ್ಷ ಎಂಥ ತಪ್ಪು ಮಾಡಿದೆ ಎಂದು ನಿಜವಾಗಿಯೂ ನಾಚಿಕೆಯಾಯಿತು. ಒಳಗಿನವಳಿಗೆ ಕೇಳಲೆಂದು ಕೂಗಿದ. "ನಾಳೇನೇ ಬಸ್ ಹತ್ತೋಣ ಕಣೇ. ನಿನಗೆ ಸಮುದ್ರ ತೋರಿಸ್ತೀನಿ!"

"ನಾಳೆ ತನಕ ಯಾಕ್ರೀ?" ಹೆಂಡತಿ ಪೆಟ್ಟಿಗೆ ಹಿಡಿದು ಹೊರಗೆ ಬಂದಳು. "ಇವರು ಅಲ್ಲಿಗೇ ಹೊರಟಿದಾರೆ. ಜೊತೆಗೆ ಬಾ ಅಂದ್ರು. ಅಡುಗೆ ಮುಚ್ಚಿಟ್ಟಿದೀನಿ, ಬಿಸಿ ಮಾಡ್ಕೊಳ್ಳಿ."

ನರ್ಸಮ್ಮನಿಗೆ ಕರುಣೆ ಬಂತು. "ಇನ್ನೊಂದು ಸೀಟಿದೆ. ನೀವೂ ಬರ್ತೀರಾ?"

"ಅಯ್ಯೋ, ಬೇಡ," ಎಂದಳು ಹೆಂಡತಿ. "ದಾರಿಯುದ್ದಕ್ಕೂ ಒರೆಸ್ತಾರೆ."

ಅವಳು ಚಪ್ಪಲಿ ಬಿಡದೆಯೇ ಹತ್ತಿದಳು. ಒಂದೇ ಸಲಕ್ಕೆ ಸ್ಟಾರ್ಟ್ ಆದ ವ್ಯಾನು ಪೆಟ್ರೋಲ್ ಬಂಕ್ ದಾಟಿ ತಿರುವಿನಲ್ಲಿ ಮರೆಯಾಯಿತು. ಒರೆಸಪ್ಪ ಹಳದಿ ಬಟ್ಟೆ ಹಿಡಿದು ಖಾಲಿ ಜಾಗದಲ್ಲಿ ನಿಂತಿದ್ದ.

ಸ್ಟೇಷನ್ ಮಾಸ್ಟರ್ ಕೈಗಡಿಯಾರ ನೋಡಿಕೊಂಡರು. "ಸಾಯಂಕಾಲದೊಳಗೆ ಒಂದೋ ಅದು, ಇಲ್ಲಾ ಅವರು ಅಂದಿದ್ರಲ್ಲ? ಎರಡೂ ಟೈಮಿಗೆ ಸರಿಯಾಗಿ ಹೊರಟವು ನೋಡಿ."

"ವಾಪಸ್ ಯಾವಾಗಂತೆ ಸಾರ್?" ಎಂದ ಒರೆಸಪ್ಪ.

"ಹೊರಡೋ ಗಾಡಿ ಮಾತ್ರ ನಾನು ನೋಡ್ಕೊಂಡಿದ್ದಪ್ಪ," ಎಂದು ಅವರು ಒಳಗೆ ಹೋಗಿ, ಬಿಸಿಲು ಬೀಳಲೆಂದು ಕಿಟಕಿ ತೆರೆದರು.